ಹೆರೋದನ ಮಾತು, ತಾಯಿಯ ಮಾತು

(ಡಿಸೆಂಬರ್ 28, ಮುಗ್ಧ ಹಸುಳೆಗಳ ಹಬ್ಬದ ಪ್ರಬೋಧನೆ)



ನಮ್ಮ ಮನೆಗಳ ಗೋದಲಿಯ ದೀಪಗಳು ಇನ್ನೂ ಆರಿಲ್ಲ. ಆದರೆ ಕ್ರಿಸ್ತಜಯಂತಿ ಕಳೆದು ಮೂರೇ ದಿನಕ್ಕೆ ಬಲಿಪೀಠದಲ್ಲಿ ಕೆಂಪು ವಸ್ತ್ರ ಕಾಣುತ್ತಿದ್ದೇವೆ. ಮೊನ್ನೆ ಕಲ್ಲೇಟಿಗೆ ಬಲಿಯಾದ ಸಂತ ಸ್ತೇಫನರನ್ನು ಸ್ಮರಿಸಿದೆವು. ಇಂದು ಬೆತ್ಲೆಹೇಮಿನ ಹಸುಳೆಗಳು. ನಾಳೆ, 1170ರಲ್ಲಿ ತಮ್ಮ ಪ್ರಧಾನಾಲಯದಲ್ಲೇ ಕತ್ತಿಗೆ ತುತ್ತಾದ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಸಂತ ಥಾಮಸ್ ಬೆಕೆಟ್.

ಇಂಥ ಸಾವುಗಳಿಗೆ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದಗಳಿವೆ. 'ಕಿಲ್' ಎಂದರೆ ಜೀವ ತೆಗೆಯುವುದು, ಅಷ್ಟೇ. ರೋಗವೂ ಕೊಲ್ಲಬಹುದು, ಸಿಡಿಲೂ ಕೊಲ್ಲಬಹುದು. 'ಮರ್ಡರ್' ಎನ್ನಲು ಕೊಲ್ಲುವ ಮನಸ್ಸಿರಬೇಕು, ಅದು ಅಪರಾಧವಾಗಿರಬೇಕು. ಹೆಸರುವಾಸಿಯಾದವರನ್ನು, ಅಧಿಕಾರದಲ್ಲಿರುವವರನ್ನು ಸಂಚು ಮಾಡಿ ಕೊಂದರೆ 'ಅಸಾಸಿನೇಷನ್'. ಎದುರಿಸಲಾಗದ ಅನೇಕರನ್ನು ಒಟ್ಟಿಗೆ ಕೊಂದರೆ 'ಮ್ಯಾಸಕರ್'. ಈ ಹಸುಳೆಗಳ ಸಾವಿಗೆ ಇದೇ ಪದ. ಅಧಿಕಾರವೇ ವಿಧಿಸಿದ ಮರಣದಂಡನೆ 'ಎಕ್ಸಿಕ್ಯೂಷನ್'. ಯಾವುದೇ ಆದೇಶವನ್ನು ಜಾರಿಗೆ ತರುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ!

ಇಲ್ಲಿ ಕೊಂಚ ನಿಂತು ಯೋಚಿಸೋಣ. ಹೆರೋದನ ಸೈನಿಕರನ್ನು ಕೇಳಿದ್ದರೆ, ಅರಸನ ಆದೇಶ ಜಾರಿ ಮಾಡಿದೆವು ಎನ್ನುತ್ತಿದ್ದರು. ಆದರೆ ಸಂತ ಮತ್ತಾಯರ ಶುಭಸಂದೇಶ ನಮಗೆ ಕೇಳಿಸುವುದು ರಾಹೇಲಳ ಗೋಳನ್ನು. ಸಮಾಧಾನವೇ ಬೇಡವೆಂದ ತಾಯಿಯ ಗೋಳನ್ನು.

ವ್ಯತ್ಯಾಸ ಬೇಡವೆಂದಲ್ಲ. ಐದನೆಯ ಆಜ್ಞೆಗೆ 1611ರ ಇಂಗ್ಲಿಷ್ ಬೈಬಲ್ 'ಕಿಲ್' ಎಂದಿತು. ಅನೇಕ ಹೊಸ ಅನುವಾದಗಳು 'ಮರ್ಡರ್' ಎನ್ನುತ್ತವೆ. ಅರಿಯದೆ ಕೊಂದವನಿಗಾಗಿ ದೇವರೇ ಆರು ಆಶ್ರಯನಗರಗಳನ್ನು ಏರ್ಪಡಿಸಿದರು. ನ್ಯಾಯಕ್ಕೆ ಈ ವಿವೇಚನೆ ಬೇಕು. ಆದರೆ ಪದವೇ ಪಾಪಕ್ಕೆ ಆಶ್ರಯನಗರವಾಗಬಾರದು. ಕಾನೂನಿನ ಹೆಸರಿನ ಮರಣದಂಡನೆಯೂ ಒಪ್ಪತಕ್ಕದ್ದಲ್ಲವೆಂದು 2018ರಲ್ಲಿ ಪೋಪ್ ಫ್ರಾನ್ಸಿಸರು ಧರ್ಮೋಪದೇಶ ಗ್ರಂಥವನ್ನು ತಿದ್ದಿಸಿದ್ದು ಇದಕ್ಕೇ.

ನಮ್ಮ ನಾಡಿನಲ್ಲೂ ಹೀಗೇ. ಬೇರೆ ಜಾತಿಯವನನ್ನು ಮೆಚ್ಚಿದಳೆಂದು ಹೆತ್ತ ಮಗಳನ್ನೇ ಕೊಂದು, ಅದಕ್ಕೆ 'ಮರ್ಯಾದಾ ಹತ್ಯೆ' ಎಂಬ ಹೆಸರು! 'ಮರ್ಯಾದೆಗೇಡು ಹತ್ಯೆ' ಎಂದು ಕನ್ನಡದಲ್ಲಿ ತಿದ್ದಿ ಬರೆದವರಿಗೆ ನಾವು ಋಣಿಗಳು. ಆದರೆ ನಮ್ಮ ಮನೆಗೆ ಸೊಸೆ ತರುವಾಗ, ಅಳಿಯನನ್ನು ಹುಡುಕುವಾಗ ನಾವು ಜಾತಿ ಕೇಳುವುದಿಲ್ಲವೇ? ಕತ್ತಿ ಮಸೆಯುವುದು ಅಲ್ಲಿಂದಲೇ.

ದೇವರು ಕಾಯಿನನನ್ನು ಅದು ಯಾವ ಬಗೆಯ ಕೊಲೆಯೆಂದು ಕೇಳಲಿಲ್ಲ. ತಮ್ಮನೆಲ್ಲಿ ಎಂದು ಕೇಳಿದರು. ಇಂದು ಮನೆಗೆ ಹೋಗಿ ಗೋದಲಿಯ ಮುಂದೆ ಮೊಣಕಾಲೂರಿದಾಗ, ಆ ಪ್ರಶ್ನೆಗೆ ಉತ್ತರ ಕೊಡಲು ಬೇಕಾದ ಧೈರ್ಯವನ್ನು ಬಾಲಯೇಸುವಿನಲ್ಲಿ ಬೇಡೋಣ. ಆಮೆನ್.