ಬಾಡಿಗೆ ಮನೆಗೆ ನೀರು ನುಗ್ಗಿದ್ರೆ ದುಡ್ಡು ಯಾರು ಕೊಡ್ತಾರೆ?

ಈ ವಾರ ನನ್ನ ಇನ್‌ಬಾಕ್ಸ್‌ಗೆ ಜಾಸ್ತಿ ಬಂದ ಪ್ರಶ್ನೆ ಇದು: "ಓನರ್ ಮನೆಗೆ ಇನ್ಶೂರೆನ್ಸ್ ಮಾಡ್ಸಿದ್ದಾರಂತೆ. ಏನಾದ್ರೂ ಆದ್ರೆ ನಮ್ ಸಾಮಾನಿಗೂ ದುಡ್ಡು ಬರುತ್ತೆ ಅಲ್ವಾ?"

ಬರಲ್ಲ.

ಒಂದು ವಸ್ತು ಹಾಳಾದ್ರೆ ಯಾರ ಜೇಬಿಗೆ ಹೊಡೆತ ಬೀಳುತ್ತೋ, ಅವರೇ ಅದನ್ನ ಇನ್ಶೂರ್ ಮಾಡ್ಸಬೇಕು. ಬಿಕಾಂನಲ್ಲಿ ಇದನ್ನ 'ಇನ್ಶೂರಬಲ್ ಇಂಟರೆಸ್ಟ್' ಅಂತ ಓದಿ, ಪರೀಕ್ಷೆ ಮುಗಿದ ದಿನವೇ ಮರೆತುಬಿಡ್ತೀವಿ. ಗೋಡೆ, ಛಾವಣಿ ಓನರ್‌ದು. ನಿಮ್ಮ ಲ್ಯಾಪ್‌ಟಾಪ್, ಮಂಚ, ವಾಷಿಂಗ್ ಮಷೀನ್ ನಿಮ್ಮದು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಪಾಲಿಸಿ ತಗೊಂಡಿದ್ರೂ ಅದು ಸಾಮಾನ್ಯವಾಗಿ ಕಟ್ಟಡಕ್ಕೆ, ನಿಮ್ಮ ಸಾಮಾನಿಗಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಮನೆಗಳಿಗೆ ನೀರು ನುಗ್ಗಿದ್ದು ನೆನಪಿದೆಯಲ್ಲ? ಆ ನೀರು ಓನರ್ ಸಾಮಾನು ಯಾವುದು, ಬಾಡಿಗೆಯವರ ಸಾಮಾನು ಯಾವುದು ಅಂತ ನೋಡಲಿಲ್ಲ. ಇನ್ಶೂರೆನ್ಸ್ ಕಂಪನಿ ಮಾತ್ರ ನೋಡುತ್ತೆ.

ಈಗ ಉಲ್ಟಾ ಪ್ರಶ್ನೆ. ನಮ್ಮಿಂದ ಓನರ್ ಮನೆಗೆ ಹಾನಿ ಆದ್ರೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆಯದಿದ್ರೆ, ಮನೆಯನ್ನ ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸೋ ಹೊಣೆ ಬಾಡಿಗೆದಾರರದ್ದು. ಸಹಜ ಸವೆತಕ್ಕೆ, ನಮ್ಮ ಕೈಮೀರಿದ ವಿಕೋಪಕ್ಕೆ ವಿನಾಯಿತಿ ಇದೆ. ಆದ್ರೆ ವಾಟರ್ ಹೀಟರ್ ರಾಡ್ ಆನ್ ಇಟ್ಟು ಆಫೀಸಿಗೆ ಹೋಗಿ ಬೆಂಕಿ ಹತ್ತಿದ್ರೆ ಅದು ನಮ್ಮ ನಿರ್ಲಕ್ಷ್ಯ. ಓನರ್‌ಗೆ ಕ್ಲೇಮ್ ಕೊಟ್ಟ ಕಂಪನಿ, ಆ ಹಣವನ್ನ ನಿಮ್ಮಿಂದ ವಸೂಲಿ ಮಾಡೋಕೂ ಬರಬಹುದು. ಇದಕ್ಕೆ 'ಸಬ್ರೊಗೇಷನ್' ಅಂತಾರೆ. ಅಡ್ವಾನ್ಸ್ ಕೊಟ್ಟಿದ್ದೀವಿ, ಅಲ್ಲಿಗೆ ಮುಗೀತು ಅಂದ್ಕೋಬೇಡಿ.

ಹಾಗಾದ್ರೆ ದಾರಿ ಏನು? ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅನ್ನೋ ಒಂದೇ ಮಾದರಿಯ ಪಾಲಿಸಿ ತಂದಿದೆ. ಬಾಡಿಗೆದಾರರು ಕಟ್ಟಡ ಬಿಟ್ಟು ಮನೆ ಸಾಮಾನಿಗಷ್ಟೇ ಇದನ್ನ ತಗೋಬಹುದು. ಬೆಂಕಿ, ಬಿರುಗಾಳಿ, ಪ್ರವಾಹ, ಭೂಕಂಪ, ಗಲಭೆ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆಗೋ ಹಾನಿ ಇದರಲ್ಲಿ ಬರುತ್ತೆ.

ಆದ್ರೆ ಸಹಿ ಹಾಕೋ ಮುಂಚೆ ಕೆಲವು ವಿಷಯ ಗಮನಿಸಿ.

ಒಂದು, ಕಳ್ಳತನ. ಪ್ರವಾಹದಂಥ ಘಟನೆ ಆದ 7 ದಿನದೊಳಗೆ, ಅದೇ ಕಾರಣಕ್ಕೆ ಕಳುವಾದ್ರೆ ಮಾತ್ರ ಮೂಲ ಪಾಲಿಸಿಯಲ್ಲಿ ಸಿಗುತ್ತೆ. ಬೀಗ ಮುರಿದು ಕದ್ದರೆ ಅಂತ ಬೇರೆ ಕವರ್ ಕೇಳಿ ತಗೋಬೇಕು.

ಎರಡು, ಒಡವೆ. ಅದು ತಾನಾಗೇ ಸೇರಲ್ಲ, ಕೇಳಿ ಸೇರಿಸಬೇಕು.

ಮೂರು, ಶಾರ್ಟ್ ಸರ್ಕ್ಯೂಟ್. ಅದರಿಂದ ಟಿವಿ ಸುಟ್ಟರೆ ಆ ಟಿವಿಗೆ ಸಿಗಲ್ಲ. ಬೆಂಕಿ ಪಕ್ಕದ ಸೋಫಾಗೆ ಹಬ್ಬಿದ್ರೆ ಸೋಫಾಗೆ ಸಿಗುತ್ತೆ.

ನಾಲ್ಕು, ವಿಳಾಸ. ನಾವು 11 ತಿಂಗಳ ಕರಾರು ಮುಗಿದ ಕೂಡಲೇ ಮನೆ ಬದಲಿಸೋ ಜನ. ಹೊಸ ವಿಳಾಸ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಬದಲಾಯಿಸಿಕೊಳ್ಳಿ, ಇಲ್ಲಾಂದ್ರೆ ಕ್ಲೇಮ್ ಟೈಮಲ್ಲಿ ತಕರಾರು ಗ್ಯಾರಂಟಿ.

ಐದು, ಓನರ್ ಮನೆಗೆ ನಿಮ್ಮಿಂದ ಆಗೋ ಹಾನಿ. ಸಾಮಾನಿನ ಕವರ್‌ನಲ್ಲಿ ಇದು ಇರಲ್ಲ. ಕೆಲವು ಕಂಪನಿಗಳು ಇದಕ್ಕೆ 'ಲಯಬಿಲಿಟಿ' ಕವರ್ ಪ್ರತ್ಯೇಕವಾಗಿ ಕೊಡ್ತವೆ. ವಿಚಾರಿಸಿ.

ಕೊನೇದಾಗಿ ಎರಡು ಕೆಲಸ, ಎರಡಕ್ಕೂ ಖರ್ಚಿಲ್ಲ. ಫೋನ್ ತಗೊಂಡು ಪ್ರತಿ ರೂಮಿನ ವಿಡಿಯೋ ಮಾಡಿ, ದುಬಾರಿ ಸಾಮಾನಿನ ಬಿಲ್ ಫೋಟೋ ತೆಗೆದು ಡ್ರೈವ್‌ಗೆ ಹಾಕಿಡಿ. ಆಮೇಲೆ ಓನರ್‌ಗೆ ಒಂದು ಮೆಸೇಜ್ ಕಳಿಸಿ: "ಸರ್, ಮನೆಗೆ ಇನ್ಶೂರೆನ್ಸ್ ಇದೆಯಾ? ನೀವು ಕೊಟ್ಟಿರೋ ಫ್ರಿಜ್, ಗೀಸರ್ ಅದರಲ್ಲಿ ಸೇರಿದೆಯಾ?" ಉತ್ತರ ಬರಹದಲ್ಲೇ ಇರಲಿ.

ಓನರ್ ಏನಂದ್ರು ಅಂತ ನನಗೂ ಬರೀರಿ. ಮುಂದಿನ ವಾರ ಅಡ್ವಾನ್ಸ್ ವಾಪಸ್ ತಗೊಳ್ಳೋ ಬಗ್ಗೆ ಮಾತಾಡೋಣ. ಬರ್ಲಾ?