ಆಪತ್ತಿನ ಕರೆ ಮತ್ತು ಕನಿಷ್ಠ ದರ

(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳು ಮೊಬೈಲ್ ದೂರವಾಣಿ ಸೇವೆಯನ್ನು ಹೇಗೆ ಕೊಳ್ಳುತ್ತವೆ ಎಂಬ ವಿಷಯವನ್ನು ಇಂದಿನ ಮಾತಿಗೆ ಆರಿಸಿಕೊಂಡಿದ್ದೇನೆ. ಟೆಂಡರಿನಂಥ ಒಣ ವಿಷಯಕ್ಕೂ ಕನ್ನಡ ಸಂಘದ ವೇದಿಕೆಗೂ ಏನು ಸಂಬಂಧವೆಂದು ಮಿತ್ರರೊಬ್ಬರು ಕೇಳಿದರು. ಕೇಂದ್ರ ಸರ್ಕಾರದ ಕಚೇರಿಯೊಂದರ ಖರೀದಿ ವಿಭಾಗದಲ್ಲಿ ದುಡಿದು ನಿವೃತ್ತನಾದ ನನಗೆ ಈ ಸಂಬಂಧ ಬಹಳ ನಿಕಟವಾದುದೆಂದು ತೋರುತ್ತದೆ. ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಿಂದ ಮಕ್ಕಳು ಹೊರದೇಶಕ್ಕೂ ಹೋಗಿದ್ದಾರೆ. ಅಲ್ಲಿ ಅನಾಹುತವಾದ ದಿನ ಅವರು ಮೊದಲು ಒತ್ತುವ ಸಂಖ್ಯೆ ರಾಯಭಾರ ಕಚೇರಿಯದು.

ಮುಂಬಯಿಗೆ ಈ ಅನುಭವ ಹೊಸದಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿತು. ಆಗ ಅಲ್ಲಿಂದ ಕರೆತರಲಾದ ಭಾರತೀಯರು ಸುಮಾರು 1,70,000 ಮಂದಿ. ಜೋರ್ಡಾನಿನ ಅಮ್ಮಾನ್ ನಗರದಿಂದ ಹೊರಟ ಏರ್ ಇಂಡಿಯಾ ವಿಮಾನಗಳು ಅವರನ್ನು ತಂದಿಳಿಸಿದ್ದು ಈ ನಗರದಲ್ಲೇ. ಕುವೈತಿನೊಡನೆ ದೂರವಾಣಿ ಸಂಪರ್ಕ ಕಡಿದುಹೋಗಿತ್ತು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಮಗ ಬದುಕಿದ್ದಾನೆಂಬ ಸುದ್ದಿ ತಿಳಿಯಲು ವಾರಗಳೇ ಬೇಕಾದವು. ಮೂವತ್ತೆರಡು ವರ್ಷಗಳ ಬಳಿಕ, 2022ರ ಫೆಬ್ರವರಿ 26ರಂದು, ಉಕ್ರೇನಿನಿಂದ ಪಾರಾಗಿ ಬಂದ 219 ಮಂದಿಯನ್ನು ಹೊತ್ತ ಮೊದಲ ವಿಮಾನವೂ ರುಮೇನಿಯಾದ ಬುಖಾರೆಸ್ಟಿನಿಂದ ಮುಂಬಯಿಗೇ ಬಂದಿಳಿಯಿತು. ಆ ಯುದ್ಧದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ಪ್ರಾಣ ತೆತ್ತನು. ಈ ಸಲ ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು. ಕೀವ್‌ನ ನಮ್ಮ ರಾಯಭಾರ ಕಚೇರಿ ಹಗಲಿರುಳು ಕರೆ ಮಾಡಬಹುದಾದ ಸಂಖ್ಯೆಗಳನ್ನು ಪ್ರಕಟಿಸಿತ್ತು. ಮಾರ್ಚ್ ತಿಂಗಳಲ್ಲಿ ಆ ಕಚೇರಿಯನ್ನೇ ತಾತ್ಕಾಲಿಕವಾಗಿ ಪೋಲೆಂಡಿಗೆ ಸ್ಥಳಾಂತರಿಸಬೇಕಾಯಿತು. ಕಚೇರಿ ಗಡಿ ದಾಟಿದರೆ ಅದರ ದೂರವಾಣಿಯೂ ಗಡಿ ದಾಟಬೇಕಲ್ಲವೆ? ನನ್ನ ವಿಷಯ ಆರಂಭವಾಗುವುದು ಇಲ್ಲಿಂದ.

ನಮ್ಮ ಸರ್ಕಾರದ ಖರೀದಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಆಧಾರ. ದೊಡ್ಡ ಖರೀದಿಯಾದರೆ ಎರಡು ಲಕೋಟೆಗಳ ಪದ್ಧತಿ. ಮೊದಲು ತಾಂತ್ರಿಕ ಅರ್ಹತೆಯ ಲಕೋಟೆ ತೆರೆಯುತ್ತಾರೆ. ಅದರಲ್ಲಿ ತೇರ್ಗಡೆಯಾದವರ ದರದ ಲಕೋಟೆಯನ್ನು ಮಾತ್ರ ಆಮೇಲೆ ತೆರೆಯುತ್ತಾರೆ. ಅವರಲ್ಲಿ ಕನಿಷ್ಠ ದರ ಹೇಳಿದವನಿಗೆ ಕಚೇರಿಯ ಭಾಷೆಯಲ್ಲಿ ‘ಎಲ್-1’ ಎಂದು ಹೆಸರು. ಗುತ್ತಿಗೆ ಸಾಮಾನ್ಯವಾಗಿ ಅವನಿಗೇ. ಕುರ್ಚಿ, ಮೇಜು, ಕಾಗದ ಕೊಳ್ಳುವಾಗ ಇದು ಒಳ್ಳೆಯ ಪದ್ಧತಿ. ಅಧಿಕಾರಿಯ ಕೈಯನ್ನೂ ಕಟ್ಟುತ್ತದೆ, ಬೊಕ್ಕಸವನ್ನೂ ಕಾಯುತ್ತದೆ. ಆದರೆ ಆಪತ್ತಿನ ದಿನಕ್ಕಾಗಿ ಕೊಳ್ಳುವ ಸೇವೆಯ ಯೋಗ್ಯತೆ ಸಾಮಾನ್ಯ ದಿನದ ದರದಲ್ಲಿ ಕಾಣಿಸುವುದಿಲ್ಲ. ಸರ್ಕಾರಕ್ಕೂ ಇದರ ಅರಿವಿದೆ. 2021ರ ಅಕ್ಟೋಬರಿನಲ್ಲಿ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆಗಳು, ಗುಣಮಟ್ಟ ಮುಖ್ಯವೆಂದು ಮೊದಲೇ ಘೋಷಿಸಿದ ಖರೀದಿಗಳಲ್ಲಿ ದರದ ಹೊರತಾದ ಅಂಶಗಳಿಗೆ ಶೇಕಡಾ 30ರವರೆಗೆ ತೂಕ ಕೊಡಲು ಅವಕಾಶ ಮಾಡಿದವು. ಬಾಗಿಲು ತೆರೆದಿದೆ, ಒಳಗೆ ಹೋಗುವವರು ಬೇಕು.

ಷರತ್ತು ಸರಿಯಿಲ್ಲದಿದ್ದರೆ ನ್ಯಾಯಾಲಯವಿಲ್ಲವೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಸಿಕ್ಕಿದ್ದೂ ಮೊಬೈಲ್ ಸೇವೆಯ ಟೆಂಡರಿನಲ್ಲೇ, ಅದೂ ನಮ್ಮ ಮುಂಬಯಿಗೆ ಸಂಬಂಧಿಸಿದ ಪ್ರಕರಣದಲ್ಲಿ. 1992ರಲ್ಲಿ ದೂರಸಂಪರ್ಕ ಇಲಾಖೆ ಮುಂಬಯಿ, ದಿಲ್ಲಿ, ಕಲ್ಕತ್ತಾ, ಮದರಾಸು ನಗರಗಳ ಮೊಬೈಲ್ ಸೇವೆಗಾಗಿ ಟೆಂಡರು ಕರೆಯಿತು. ನಗರಕ್ಕೆ ಎರಡೇ ಸಂಸ್ಥೆಗಳು. ಮುಂಬಯಿ ಬಿಪಿಎಲ್ ಮತ್ತು ಹಚಿಸನ್ ಮ್ಯಾಕ್ಸ್ ಸಂಸ್ಥೆಗಳ ಪಾಲಾಯಿತು. ಆಯ್ಕೆಯ ಬಗ್ಗೆ ವ್ಯಾಜ್ಯ ಹುಟ್ಟಿ ಸುಪ್ರೀಂ ಕೋರ್ಟಿಗೆ ಹೋಯಿತು. 1994ರ ಜುಲೈ 26ರಂದು ಬಂದ ಟಾಟಾ ಸೆಲ್ಯುಲರ್ ತೀರ್ಪು ಸರ್ಕಾರಿ ಗುತ್ತಿಗೆಗಳ ವಿಷಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಪೀಠದ ಮುಖ್ಯಸ್ಥರು ಕನ್ನಡಿಗರಾದ ಮುಖ್ಯ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು, ತೀರ್ಪನ್ನು ಬರೆದವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಎಸ್. ಮೋಹನ್ ಅವರು.

ಆ ತೀರ್ಪಿನ ಸಾರ ಇಷ್ಟು. ನ್ಯಾಯಾಲಯ ಟೆಂಡರ್ ಸಮಿತಿಯ ಮೇಲ್ಮನವಿ ಪ್ರಾಧಿಕಾರವಲ್ಲ. ನಿರ್ಧಾರವನ್ನು ಕೈಗೊಂಡ ರೀತಿಯನ್ನು ಅದು ಪರಿಶೀಲಿಸುತ್ತದೆ. ಪಕ್ಷಪಾತ, ದುರುದ್ದೇಶ, ಸ್ವೇಚ್ಛೆ ಕಂಡರೆ ತಡೆಯುತ್ತದೆ. ಟೆಂಡರಿನ ಷರತ್ತುಗಳೇನಿರಬೇಕೆಂಬುದು ಕರಾರಿನ ಕ್ಷೇತ್ರ. ನ್ಯಾಯಾಲಯ ಅಲ್ಲಿಗೆ ಕಾಲಿಡುವುದಿಲ್ಲ. ಇದು ವಿವೇಕದ ಮಾತೆಂದೇ ನನ್ನ ಅಭಿಪ್ರಾಯ. ತಾಂತ್ರಿಕ ತಿಳಿವಳಿಕೆಯಿಲ್ಲದೆ ಒಂದು ಗುತ್ತಿಗೆಯನ್ನು ಅಳಿಸಿ ಇನ್ನೊಂದನ್ನು ಬರೆಯುವುದು ನ್ಯಾಯಾಧೀಶರ ಕೆಲಸವಲ್ಲ. ಆದರೆ ಇದರಿಂದ ಪ್ರಜೆಗಳ ಮೇಲೆ ಬೀಳುವ ಹೊಣೆಯನ್ನು ನಾವು ಗಮನಿಸಿಲ್ಲ. ಷರತ್ತಿನಲ್ಲಿ ಇಲ್ಲದ್ದನ್ನು ಆಮೇಲೆ ಯಾರೂ ಸೇರಿಸಿಕೊಡಲಾರರು. ಕೇಳುವುದಿದ್ದರೆ ಟೆಂಡರು ಹೊರಡುವ ಮೊದಲೇ ಕೇಳಬೇಕು.

ಅನ್ಯದೇಶಗಳ ರೀತಿಯನ್ನೂ ನೋಡಿ. 2011ರಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಬಂದ ಅಮೆರಿಕದ ಕಾನ್ಸುಲೇಟ್ ಈ ಊರಿನ ನಮಗೆಲ್ಲ ಪರಿಚಿತ. ಆ ದೇಶದ ಸರ್ಕಾರ 2020ರಿಂದ ಒಂದು ಷರತ್ತನ್ನು ಬಿಗಿಯಾಗಿ ಪಾಲಿಸುತ್ತಿದೆ. ಹುವಾವೇ, ಜೆಡ್‌ಟಿಇ ಮುಂತಾದ ಚೀನಾ ಸಂಸ್ಥೆಗಳ ದೂರಸಂಪರ್ಕ ಉಪಕರಣಗಳನ್ನು ಬಳಸುವವರೊಡನೆ ಕರಾರು ಮಾಡಿಕೊಳ್ಳಲು ಅದರ ಕಾನೂನು ಅಡ್ಡ ಬರುತ್ತದೆ. ದರ ಅಗ್ಗವಾಗಿದೆಯೆಂದು ಅದನ್ನು ಸಡಿಲಿಸುವಂತಿಲ್ಲ. ತನ್ನ ಭದ್ರತೆಗೆ ಬೇಕಾದುದನ್ನು ಅದು ಮೊದಲೇ ಬರೆದಿಟ್ಟಿದೆ. ನಮ್ಮ ಪ್ರಜೆಯ ಭದ್ರತೆಗೆ ಬೇಕಾದುದನ್ನು ನಾವೂ ಬರೆದಿಡಬಾರದೇಕೆ?

ನನ್ನ ಸೂಚನೆಗಳು ನಾಲ್ಕು. ಒಂದು, ಆಪತ್ತಿನ ಸಂಖ್ಯೆಗಳನ್ನು ಒಂದೇ ಸಂಸ್ಥೆಯಿಂದ ಕೊಳ್ಳಬಾರದು. ಒಂದರ ಗೋಪುರ ಉರುಳಿದರೆ ಇನ್ನೊಂದು ನಿಲ್ಲಬೇಕು. ಎರಡು, ಅಧಿಕಾರಿಗಳು ನೆರೆಯ ದೇಶಕ್ಕೆ ಹೋದರೂ ಸಂಖ್ಯೆ ಬದಲಾಗಬಾರದು. ಅದಕ್ಕೆ ತಗಲುವ ರೋಮಿಂಗ್ ವೆಚ್ಚ ಕರಾರಿನಲ್ಲೇ ಇರಬೇಕು. ಮೂರು, ಒಂದೇ ಸಂಖ್ಯೆಗೆ ಏಕಕಾಲದಲ್ಲಿ ಅನೇಕರು ಕರೆ ಮಾಡಿದರೂ ಉತ್ತರ ದೊರೆಯುವ ಏರ್ಪಾಡಿರಬೇಕು. ನಾಲ್ಕು, ಕರೆ ಸ್ವೀಕರಿಸುವವರಲ್ಲಿ ಕನ್ನಡ ಬಲ್ಲವರೂ ಇರಬೇಕು. ಕೊಲ್ಲಿಯ ಕಾರ್ಮಿಕ ಶಿಬಿರದಲ್ಲಿರುವ ರಾಯಚೂರಿನ ಗಾರೆ ಕೆಲಸದವನು ತನ್ನ ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳಲಾರ. ಹಣವಿಲ್ಲವೆಂಬ ಮಾತು ಬೇಡ. ಸಂಕಟಕ್ಕೆ ಸಿಕ್ಕಿದ ಅನಿವಾಸಿಗಳ ನೆರವಿಗೆಂದೇ ಭಾರತೀಯ ಸಮುದಾಯ ಕಲ್ಯಾಣ ನಿಧಿ 2009ರಿಂದ ಇದೆ.

ಹತ್ತು ರೂಪಾಯಿ ಶುಲ್ಕ ಕಟ್ಟಿ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ವಿದೇಶಾಂಗ ಸಚಿವಾಲಯವನ್ನು ಯಾರು ಬೇಕಾದರೂ ಪ್ರಶ್ನಿಸಬಹುದು. ಕೊಲ್ಲಿಯ ನಮ್ಮ ರಾಯಭಾರ ಕಚೇರಿಗಳು ದೂರವಾಣಿ ಸೇವೆಗೆ ಯಾವ ಷರತ್ತು ವಿಧಿಸಿವೆ ಎಂಬ ಒಂದು ಪ್ರಶ್ನೆಯಿಂದ ಆರಂಭಿಸೋಣ. ಉತ್ತರ ಬಂದ ಮೇಲೆ ಹೊರನಾಡ ಸಂಘಗಳೆಲ್ಲ ಸೇರಿ ಒಂದು ಮನವಿ ಸಿದ್ಧಪಡಿಸೋಣ. ನಮ್ಮ ಸಂಘಗಳು ನಾಟಕ, ಯಕ್ಷಗಾನ, ರಾಜ್ಯೋತ್ಸವಗಳನ್ನು ಶ್ರದ್ಧೆಯಿಂದ ನಡೆಸಿಕೊಂಡು ಬಂದಿವೆ. ಪರದೇಶದಲ್ಲಿರುವ ಕನ್ನಡಿಗನ ಕರೆಗೆ ಉತ್ತರ ದೊರೆಯುವಂತೆ ಮಾಡುವುದೂ ಸಂಘದ ಕೆಲಸವೇ. ಈ ಮನವಿಯ ಕರಡನ್ನು ಬರೆಯುವ ಹೊಣೆಯನ್ನು ಸಂಘ ಒಪ್ಪುವುದಾದರೆ ನಾನು ಹೊರುತ್ತೇನೆ.