ಒಂದು ದ್ವೀಪ, ಎರಡು ಮಳೆಗಾಲ



ನಮ್ಮಲ್ಲಿ ಅರವತ್ತು ದಾಟಿದವರಿಗೆ ಶ್ರೀಲಂಕಾ ಮೊದಲು ಪರಿಚಯವಾದದ್ದು ಕಿವಿಯ ಮೂಲಕ. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಶುರುವಾಯಿತು. ಬುಧವಾರ ರಾತ್ರಿ ಎಂಟು ಗಂಟೆಗೆ ಊರಿನ ಹೋಟೆಲಿನ ರೇಡಿಯೋ ಮುಂದೆ ಜನ ಸೇರುತ್ತಿದ್ದರು. ಮುಂದೆ ಕ್ರಿಕೆಟ್ ಕಾಮೆಂಟರಿ ಬಂತು. ಕೊಲಂಬೊ, ಕ್ಯಾಂಡಿ, ಗಾಲೆ ಎಂಬ ಹೆಸರುಗಳು ನಮ್ಮ ಮನೆಯವೇ ಆದವು. ಇಷ್ಟು ಪರಿಚಯವಿದ್ದೂ ಅಲ್ಲಿಯ ಮಳೆಯ ವಿಷಯ ನನಗೆ ಗೊತ್ತಿರಲಿಲ್ಲ. ಅದನ್ನು ಕಲಿತದ್ದು ನೆನೆದು ತೊಪ್ಪೆಯಾದ ಮೇಲೆ.

ಕೆಲವು ವರ್ಷಗಳ ಹಿಂದೆ ಮಕ್ಕಳ ಕ್ರಿಸ್‌ಮಸ್ ರಜೆಯಲ್ಲಿ ಮುಂಬೈಯಿಂದ ಹೊರಟೆವು. ಟಿಕೆಟ್ ಮಾಡಿಸಿಕೊಟ್ಟವರು, "ಡಿಸೆಂಬರ್ ಅಂದರೆ ಶ್ರೀಲಂಕಾದಲ್ಲಿ ಸೀಸನ್ ಸಾರ್, ಕಣ್ಣು ಮುಚ್ಚಿಕೊಂಡು ಹೋಗಿ" ಅಂದರು. ನಾವು ಹಾಗೆಯೇ ಹೋದೆವು. ಪೂರ್ವ ಕರಾವಳಿಯ ತ್ರಿಂಕೋಮಲಿ ಹತ್ತಿರ, ನಿಲಾವೆಲಿ ಎಂಬಲ್ಲಿ ಮೂರು ರಾತ್ರಿಗೆ ರೂಮು ಹಿಡಿದಿದ್ದೆವು. ಮೂರು ದಿನವೂ ಮಳೆ. ಸಮುದ್ರ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಒಂದು ದೋಣಿಯೂ ನೀರಿಗಿಳಿಯಲಿಲ್ಲ. ಮಕ್ಕಳು ಕಿಟಕಿಗೆ ಮುಖ ಒತ್ತಿಕೊಂಡು ಕೂತರು.

ರಸ್ತೆ ಬದಿಯ ಚಹಾದಂಗಡಿಯಲ್ಲಿ ಒಬ್ಬ ಹಿರಿಯರಿದ್ದರು. ನನ್ನ ಹೆಂಡತಿ ಚೆನ್ನೈಯಲ್ಲಿ ಬೆಳೆದವಳು, ತಮಿಳು ಸರಾಗ. "ಅಯ್ಯಾ, ಈ ಮಳೆ ಯಾವಾಗ ನಿಲ್ಲುತ್ತೆ?" ಎಂದು ಕೇಳಿದಳು. ಅವರು ನಕ್ಕು, "ನಿಲ್ಲೋದು ಬೇಡಮ್ಮಾ. ಇದು ನಿಂತರೆ ನಮಗೆ ಈ ವರ್ಷ ಅನ್ನ ಇಲ್ಲ" ಅಂದರು. ಅಂಗಡಿಯ ಹಿಂದೆಯೇ ಅವರ ಗದ್ದೆ. ಪೈರು ಮೊಣಕಾಲೆತ್ತರ ಬಂದಿತ್ತು. ನಮ್ಮ ಪ್ರವಾಸ ಕೆಡಿಸಿದ ಮಳೆಯೇ ಅವರ ವರ್ಷದ ಬೆಳೆಯನ್ನು ಕಾಯುತ್ತಿತ್ತು. ಇವತ್ತು ನಾನು ಹೇಳಬೇಕೆಂದಿರುವುದು ಈ ಮಳೆಯ ಲೆಕ್ಕವನ್ನೇ.

ಶ್ರೀಲಂಕಾ ದೊಡ್ಡ ದೇಶವಲ್ಲ. ವಿಸ್ತೀರ್ಣ 65,610 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಕರ್ನಾಟಕದ ಮೂರನೇ ಒಂದು ಪಾಲು. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 6ರಿಂದ 10 ಡಿಗ್ರಿ ಅಕ್ಷಾಂಶದ ನಡುವೆ ಇದೆ. ಹಾಗಾಗಿ ದೆಹಲಿಯ ಕೇಳುಗರು ಅಲ್ಲಿ ಚಳಿಗಾಲ, ಬೇಸಿಗೆ ಎಂದು ಹುಡುಕಿದರೆ ಸಿಗುವುದಿಲ್ಲ. ಕೊಲಂಬೊದಲ್ಲಿ ಜನವರಿಗೂ ಮೇ ತಿಂಗಳಿಗೂ ಸರಾಸರಿ ಉಷ್ಣತೆಯಲ್ಲಿ ಎರಡು ಡಿಗ್ರಿಯಷ್ಟೇ ವ್ಯತ್ಯಾಸ. ವರ್ಷವಿಡೀ ಹಗಲು 30-31 ಡಿಗ್ರಿ, ಜೊತೆಗೆ ಬೆವರು. ಅಲ್ಲಿ ಕಾಲವನ್ನು ಅಳೆಯುವುದು ಮಳೆಯಿಂದ.

ದ್ವೀಪದ ದಕ್ಷಿಣ ಮಧ್ಯಭಾಗದಲ್ಲಿ ಬೆಟ್ಟಗಳ ರಾಶಿಯಿದೆ. ಅತಿ ಎತ್ತರದ ಶಿಖರ ಪಿದುರುತಲಾಗಲ, 2,524 ಮೀಟರ್. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಬೀಸುತ್ತದೆ. ಅದು ಅರಬ್ಬೀ ಸಮುದ್ರದ ಕಡೆಯಿಂದ ಬಂದು ಬೆಟ್ಟಕ್ಕೆ ಬಡಿದು, ಪಶ್ಚಿಮದ ಇಳಿಜಾರಿನಲ್ಲಿ ಮಳೆ ಸುರಿಸುತ್ತದೆ. ಕೆಲವು ಕಡೆ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು. ಬೆಟ್ಟ ದಾಟಿದ ಗಾಳಿಯಲ್ಲಿ ನೀರಿಲ್ಲ. ಪೂರ್ವದ ಬಟ್ಟಿಕಲೋವಾ ಕಡೆ ಆಗ ಒಣ ಬಿಸಿಗಾಳಿ ಬೀಸುತ್ತದೆ, ಅದಕ್ಕೆ ಅಲ್ಲಿಯವರು ಕಚ್ಚಾನ್ ಅನ್ನುತ್ತಾರೆ. ಆಗುಂಬೆಯಲ್ಲಿ ಜಡಿಮಳೆ ಹಿಡಿದಿರುವಾಗ ಚಿತ್ರದುರ್ಗದಲ್ಲಿ ಮೋಡ ನೋಡುತ್ತಾ ಕೂರುತ್ತಾರಲ್ಲ, ಇದೂ ಅದೇ ಲೆಕ್ಕ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿ ದಿಕ್ಕು ಬದಲಿಸುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದ ಈಶಾನ್ಯ ಮಾರುತ ಬರುತ್ತದೆ. ಈಗ ಮಳೆ ಪೂರ್ವ ಮತ್ತು ಉತ್ತರಕ್ಕೆ, ಬಿಸಿಲು ಪಶ್ಚಿಮ ಮತ್ತು ದಕ್ಷಿಣಕ್ಕೆ. ನಾವು ನಿಲಾವೆಲಿಯಿಂದ ಹೊರಟು ಗಾಲೆ ತಲುಪಿದಾಗ ಆಕಾಶ ತಿಳಿಯಾಗಿತ್ತು, ಸಮುದ್ರ ನೀಲಿಯಾಗಿತ್ತು. ನಮ್ಮ ಚಿಕ್ಕವನು, "ಅಪ್ಪಾ, ಇದು ಬೇರೆ ದೇಶವಾ?" ಎಂದು ಕೇಳಿದ.

ನಮ್ಮ ಕೇಳುಗರಿಗೆ ಒಂದು ಸುಲಭ ಲೆಕ್ಕ ಹೇಳುತ್ತೇನೆ. ಮುಂಬೈಯವರು ಕೊಡೆ ಬಿಚ್ಚುವ ಕಾಲದಲ್ಲಿ ಕೊಲಂಬೊ, ಗಾಲೆ ಕಡೆಯೂ ಕೊಡೆ ಬೇಕು. ಚೆನ್ನೈಯವರು ಕೊಡೆ ಬಿಚ್ಚುವ ಕಾಲದಲ್ಲಿ ಜಾಫ್ನಾ, ತ್ರಿಂಕೋಮಲಿ ಕಡೆ ಕೊಡೆ ಬೇಕು. ಆದ್ದರಿಂದ "ಯಾವ ತಿಂಗಳು ಹೋಗಬೇಕು" ಎಂದು ಮಾತ್ರ ಕೇಳಿದರೆ ಅರ್ಧ ಉತ್ತರವೇ ಸಿಗುವುದು. "ಆ ತಿಂಗಳಲ್ಲಿ ಯಾವ ದಡಕ್ಕೆ" ಎಂದೂ ಕೇಳಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗಾದರೆ ಗಾಲೆ, ಮಿರಿಸ್ಸ, ಹಿಕ್ಕಡುವ. ಮೇಯಿಂದ ಸೆಪ್ಟೆಂಬರ್‌ವರೆಗಾದರೆ ನಿಲಾವೆಲಿ, ಪಾಸಿಕುಡಾ, ಅರುಗಮ್ ಕೊಲ್ಲಿ. ಶ್ರೀಪಾದ ಬೆಟ್ಟ ಹತ್ತುವ ಯಾತ್ರೆಯೂ ಈ ಲೆಕ್ಕದ ಪ್ರಕಾರವೇ ನಡೆಯುತ್ತದೆ. ಡಿಸೆಂಬರ್ ಹುಣ್ಣಿಮೆಗೆ ಶುರುವಾಗಿ ಮೇ ತಿಂಗಳ ವೈಶಾಖ ಹುಣ್ಣಿಮೆಗೆ ಮುಗಿಯುತ್ತದೆ. ಆಮೇಲೆ ಆ ಬೆಟ್ಟ ಮಳೆಯ ಪಾಲು.

ಚಹಾ ತೋಟಗಳ ನುವಾರಾ ಎಲಿಯಾಕ್ಕೆ ಹೋಗುವವರು ಸ್ವೆಟರ್ ಮರೆಯಬೇಡಿ. 1,868 ಮೀಟರ್ ಎತ್ತರದ ಊರು ಅದು. ಜನವರಿ, ಫೆಬ್ರವರಿಯ ಕೆಲವು ಬೆಳಗುಗಳಲ್ಲಿ ಹುಲ್ಲಿನ ಮೇಲೆ ಹಿಮ ಕೂತಿರುತ್ತದೆ. ಬೆವರು ಒರೆಸುತ್ತಾ ಕೊಲಂಬೊ ಬಿಟ್ಟವರು ಸಂಜೆಗೆ ಅಲ್ಲಿ ಕಂಬಳಿ ಕೇಳುತ್ತಾರೆ.

ಉತ್ತರದ ಬಯಲಿಗೆ ದೊಡ್ಡ ಮಳೆ ಬರುವುದು ವರ್ಷಕ್ಕೆ ಒಂದೇ ಸಲ. ಅದನ್ನು ಹಿಡಿದಿಡಲು ಅಲ್ಲಿಯ ಅರಸರು ಕೆರೆ ಕಟ್ಟಿಸಿದರು. ಮೂರನೇ ಶತಮಾನದ ಮಹಾಸೇನ ಮಿನ್ನೇರಿಯಾ ಕೆರೆ ಕಟ್ಟಿಸಿದ. ಹನ್ನೆರಡನೇ ಶತಮಾನದ ಪರಾಕ್ರಮಬಾಹು ಕಟ್ಟಿಸಿದ್ದಕ್ಕೆ ಸಮುದ್ರವೆಂದೇ ಹೆಸರು, ಪರಾಕ್ರಮ ಸಮುದ್ರ. ಈ ಕೆರೆಗಳ ನೀರಿನಲ್ಲಿ ಇವತ್ತಿಗೂ ಭತ್ತ ಬೆಳೆಯುತ್ತಾರೆ. ಈಶಾನ್ಯ ಮಳೆಯ ಬೆಳೆಗೆ ಮಹಾ, ನೈಋತ್ಯದ ಕಾಲದ ಬೆಳೆಗೆ ಯಲ ಎನ್ನುತ್ತಾರೆ. ನಾವು ಮುಂಗಾರು, ಹಿಂಗಾರು ಅಂದ ಹಾಗೆ. ಮಹಾ ಬೆಳೆಯೇ ದೊಡ್ಡದು. ಚಹಾದಂಗಡಿಯ ಹಿರಿಯರ ಗದ್ದೆಯಲ್ಲಿದ್ದದ್ದು ಅದೇ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಿನ್ನೇರಿಯಾದ ನೀರು ತಗ್ಗಿ ಅಂಚಿನಲ್ಲಿ ಹಸಿರು ಹುಲ್ಲು ಬಂದಾಗ ನೂರಾರು ಕಾಡಾನೆಗಳು ಅಲ್ಲಿ ಸೇರುತ್ತವೆ. ಯಾವ ತಿಂಗಳಲ್ಲಿ ಎಲ್ಲಿ ಇರಬೇಕೆಂದು ಆನೆಗಳಿಗೆ ಚೆನ್ನಾಗಿ ಗೊತ್ತು.

ಎರಡು ಮಾರುತಗಳ ನಡುವಿನ ಅಕ್ಟೋಬರ್, ನವೆಂಬರ್ ಬಗ್ಗೆ ಒಂದು ಎಚ್ಚರಿಕೆ. ಆಗ ಮಳೆ ಯಾವ ದಡವನ್ನೂ ಬಿಡುವುದಿಲ್ಲ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳೂ ಏಳುತ್ತವೆ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದ ನೆರೆ ಮತ್ತು ಭೂಕುಸಿತದಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಕ್ಯಾಂಡಿ, ಬದುಲ್ಲಾ, ನುವಾರಾ ಎಲಿಯಾದ ಇಳಿಜಾರುಗಳಲ್ಲಿ ಮನೆ ಮನೆಯೇ ಮಣ್ಣಿನಡಿ ಹೋಯಿತು. ಫೋಟೋಗಳಲ್ಲಿ ನಾವು ಮೆಚ್ಚುವ ಬೆಟ್ಟದ ರೈಲು ದಾರಿಯೂ ಹಾಳಾಯಿತು. ಬೆಟ್ಟದ ಕಡೆ ಹೋಗುವವರು ರೈಲು, ರಸ್ತೆಗಳ ಸ್ಥಿತಿ ವಿಚಾರಿಸಿಯೇ ಹೊರಡಿ. ಆದರೆ ಹೆದರಿ ಬಿಟ್ಟುಬಿಡಬೇಡಿ. ಪ್ರವಾಸಿಗರು ಕೊಡುವ ಹಣದಿಂದಲೇ ಮತ್ತೆ ಎದ್ದು ನಿಲ್ಲಬೇಕಾದ ಕುಟುಂಬಗಳು ಅಲ್ಲಿ ಬಹಳ ಇವೆ.

ಹೊರಡುವುದೇನೂ ಕಷ್ಟವಲ್ಲ. ಚೆನ್ನೈಯಿಂದ ವಿಮಾನದಲ್ಲಿ ಒಂದೂಕಾಲು ಗಂಟೆ, ಮುಂಬೈಯಿಂದ ಎರಡೂವರೆ ಗಂಟೆ. ಗಡಿಯಾರ ತಿರುಗಿಸುವುದೂ ಬೇಡ, ಅಲ್ಲಿಯ ಸಮಯವೂ ನಮ್ಮದೇ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ. ಕೊಡೆಯಂತೂ ಯಾವ ತಿಂಗಳಾದರೂ ಇರಲಿ.

ಅಷ್ಟೆಲ್ಲ ಲೆಕ್ಕ ಹಾಕಿ ಹೋದ ಮೇಲೂ ಮಳೆ ಹಿಡಿದುಕೊಂಡರೆ ಬೇಸರ ಬೇಡ. ಹತ್ತಿರದ ಚಹಾದಂಗಡಿಯಲ್ಲಿ ಕೂತು ಹಿಂದಿನ ಗದ್ದೆಯನ್ನು ಒಮ್ಮೆ ನೋಡಿ. ನಮ್ಮೂರಲ್ಲೂ ಮಳೆಗೆ ಕಾದು ಕೂತವರ ಮಕ್ಕಳೇ ನಾವು.